ಲಾಸ್ಟ್ ಒಂದೇ ಒಂದು

ಜಿಮ್ ಟ್ರೇನರ್ ಬಾಯಲ್ಲಿ 'ಲಾಸ್ಟ್ ಒಂದೇ ಒಂದು' ಅನ್ನೋ ಮಾತು ಬಂದರೆ ಇನ್ನೂ ನಾಲ್ಕು ಬಸ್ಕಿ ಬಾಕಿ ಇದೆ ಅಂತ ಅರ್ಥ. ಇಡೀ ಜಯನಗರದಲ್ಲಿ ಆ ಡೈಲಾಗನ್ನು ನನ್ನಷ್ಟು ಸಖತ್ತಾಗಿ ಹೊಡೆಯೋ ಟ್ರೇನರ್ ಇನ್ನೊಬ್ಬನಿಲ್ಲ. ನನ್ನ ಬ್ಯಾಚಿನ ರಿಟೈರ್ಡ್ ಟೀಚರ್ ಆಂಟಿ ಅದನ್ನು ನಂಬಿ ನಂಬಿಯೇ ಮಂಡಿನೋವು ಕಳೆದುಕೊಂಡರು. ಆ ಖುಷಿಗೆ ಹಬ್ಬದ ದಿನ ಹನುಮಂತನಗರದ ತಮ್ಮ ಮನೆಗೆ ಊಟಕ್ಕೆ ಕರೆದರು.

ನಮ್ಮೂರ ಪಂಕ್ತಿಯಲ್ಲಿ ಬಡಿಸುವವರನ್ನೇ ಸುಸ್ತು ಮಾಡಿದ ಗಂಡು ನಾನು. ಇಲ್ಲೂ ಆರು ಒಬ್ಬಟ್ಟು ಆರಾಮಾಗಿ ಇಳಿಸಿ, "ಸಾಕು ಆಂಟಿ" ಅಂದೆ.

"ಲಾಸ್ಟ್ ಒಂದೇ ಒಂದು" ಅಂತ ಆಂಟಿ ಇನ್ನೊಂದು ಹಾಕಿ ತುಪ್ಪ ಸುರಿದರು. ತಿಂದೆ. ಮತ್ತೊಂದು ಬಿತ್ತು.

"ಲಾಸ್ಟ್ ಅಂದ್ರಲ್ಲ ಆಂಟಿ?"

"ಮಾತಾಡಬೇಡ, ಉಸಿರು ಬಿಡು. ನಿನ್ ಕೈಲಿ ಆಗತ್ತೆ" ಅಂದರು, ಥೇಟ್ ನನ್ನ ಧಾಟಿಯಲ್ಲೇ. ಪಕ್ಕದಲ್ಲಿ ಕೂತಿದ್ದ ಅಂಕಲ್ ಚಪ್ಪಾಳೆ ತಟ್ಟಿ ಎಣಿಸತೊಡಗಿದರು.

ಹುಟ್ಟಿದಾಗಿಂದ ಯಾರ ಮುಂದೆಯೂ ಸೋಲೊಪ್ಪದ ನಾನು ಎಲೆ ಮಡಚಲು ಕೈ ಹಾಕಿದೆ. ಆಂಟಿ ತಡೆದರು.

"ಇದು ವಾರ್ಮಪ್ಪು ಕಣೋ. ಅನ್ನ, ಒಬ್ಬಟ್ಟಿನ ಸಾರು ಇನ್ನೂ ಬಂದೇ ಇಲ್ಲ."

ಮರುದಿನ ರಜೆ ಹಾಕಿದ್ದು ಜ್ವರಕ್ಕೆ ಅಂತ ಜಿಮ್ಮಲ್ಲಿ ಹೇಳಿದ್ದೀನಿ. ನೀವೂ ಹಾಗೇ ಅಂದ್ಕೊಳ್ಳಿ.