ರುಕ್ಮವ್ವನಿಗೆ ನಾನು ಹೇಳದೆ ಬಿಟ್ಟ ಮಾತು

ಕಬ್ಬೂರಿನ ರುಕ್ಮವ್ವನನ್ನು ಮಂದಿ ದೇವತೆ ಅನ್ನುತ್ತಾರೆ. ಅನ್ನಲಿ, ಬಾಯಿ ಅವರದು. ನಾನು ಮಾತ್ರ ಅನ್ನುವುದಿಲ್ಲ. ಆಕೆಯನ್ನು ನೆನೆದು ಹೊಟ್ಟೆ ಉರಿಸಿಕೊಂಡವಳು ನಾನು, ಅಷ್ಟು ಸುಲಭಕ್ಕೆ ಆಕೆಯನ್ನು ಮೇಲೆ ಕೂರಿಸಿ ಆರತಿ ಎತ್ತಲು ನನ್ನಿಂದಾಗದು. ಆಕೆಯ ಹಲ್ಲು ಉಬ್ಬು, ದನಿ ದೊಡ್ಡದು. ಸೆರಗನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾಳೆ, ಎಂಥ ದೊಡ್ಡವರು ಬಂದರೂ ಬಿಚ್ಚುವುದಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆಕೆಯ ಬಗ್ಗೆ ಒಳ್ಳೆಯದನ್ನೂ ಹೇಳಬೇಕಾಗುತ್ತದೆ.

ನಾನು ಕರೋಶಿಯ ತಾರಾಬಾಯಿ. ನಮ್ಮದು ಜೈನರ ಒಕ್ಕಲುತನದ ಮನೆ, ಕಬ್ಬಿನ ಹೊಲ. ಮನೆಯವರು ರಾವಸಾಹೇಬರು, ಮಾತು ಕಡಿಮೆ. ಮಗಳು ನಿಪ್ಪಾಣಿಗೆ ಮದುವೆಯಾಗಿ ಹೋದಳು. ಮನೆಯಲ್ಲಿ ಉಳಿದವನು ಮಗ ಪಾರಿಸ. ಅವನು ಹುಟ್ಟಿದಾಗ ತಡವಾಗಿ ಅತ್ತ, ಆಮೇಲೆ ತಡವಾಗಿ ಕುಳಿತ, ತಡವಾಗಿ ನಡೆದ. ಮಾತು ಅಂದರೆ ನಾಲ್ಕೈದು ಶಬ್ದ, ಅಷ್ಟೇ. ಮಿರಜಿನ ಡಾಕ್ಟರು ಇವನ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆಯುವುದಿಲ್ಲ ಎಂದು ಹೇಳಿದಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ಇಪ್ಪತ್ತೆರಡು ತುಂಬುವವರೆಗೆ ಅವನ ಪ್ರತಿ ತುತ್ತನ್ನೂ ನಾನೇ ಉಣಿಸಿದ್ದೇನೆ.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಗುಟುಕು ನೀರೂ ಇಲ್ಲ. ಅದಕ್ಕೇ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಉಣಿಸುತ್ತಿದ್ದೆ. ಒಂದೊಂದು ತುತ್ತಿಗೂ ಒಂದೊಂದು ಹೆಸರು. ಆಯಿ ಅಂದರೆ ನಮ್ಮ ಕಡೆ ಅಜ್ಜಿ. “ಇದ ಅಜ್ಜಂದು. ಇದ ಆಯೀದು. ಇದ ನಮ್ಮ ಪಾರಿಸಂದು.” ಮೂರನೆಯ ತುತ್ತಿಗೆ ಅವನು ನಗುತ್ತಿದ್ದ, ಹಾಲು ಗದ್ದದ ಮೇಲೆ ಇಳಿಯುತ್ತಿತ್ತು. ಮತ್ತೆ ಅಜ್ಜನಿಂದ ಶುರು. ಇಷ್ಟು ದೊಡ್ಡ ಗಂಡಸಿಗೆ ತುತ್ತು ಇಡುತ್ತಾಳಲ್ಲ ಎಂದು ಓಣಿಯ ಹೆಂಗಸರು ಮೂಗು ಮುರಿಯುತ್ತಿದ್ದರು. ಮುರಿದುಕೊಳ್ಳಲಿ. ನನ್ನ ಪಾಲಿಗೆ ಇದ್ದ ಸುಖ ಅದೊಂದೇ.

೧೯೮೮ರಲ್ಲಿ ನನ್ನ ಗರ್ಭಚೀಲ ತೆಗೆಯಬೇಕು ಎಂದರು. ಮಿರಜಿನಲ್ಲಿ ಆಪರೇಶನ್ನು, ಆಮೇಲೆ ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು. ಪಾರಿಸನನ್ನು ಯಾರು ನೋಡಬೇಕು? ಆಗ ರಾವಸಾಹೇಬರು ಬಾಯಿ ಬಿಟ್ಟರು.

“ಕಬ್ಬೂರಾಗ ಒಬ್ಬಾಕಿ ಅದಾಳ. ಇಂಥಾವರನ್ನ ಮನ್ಯಾಗ ಇಟ್ಕೊಂಡ ನೋಡ್ಕೋತಾಳ. ಚಿಕ್ಕೋಡಿ ತಹಶೀಲ್ದಾರ ಆಫೀಸನ್ಯಾಗ ಆಕಿನ್ನ ಕಂಡೀನಿ. ತನ್ನ ಮಂದಿಯ ಪಗಾರ ಯಾಕ ಬಂದಿಲ್ಲಂತ ಕಾರಕೂನನ ಟೇಬಲ್ಲ ಬಡದ ಕೇಳಾಕತ್ತಿದ್ಲು.”

ಪಗಾರ ಅಂದರೆ ಅಂಗವಿಕಲರಿಗೆ ಸರಕಾರ ಕೊಡುವ ಮಾಸಾಶನ. ಅಂಥದ್ದೊಂದು ಇದೆ ಎಂದು ನಮಗೆ ಗೊತ್ತೇ ಇರಲಿಲ್ಲ. ನನಗೆ ಆಗಲೇ ಮೊದಲ ಸಲ ಆಕೆಯ ಮೇಲೆ ಸಿಟ್ಟು ಬಂತು. ಕಾಣದ ಹೆಂಗಸಿನ ಮೇಲೆ.

“ನಮ್ಮ ಹುಡುಗನ್ನ ಮಂದಿ ಮನ್ಯಾಗ ಬಿಡೂದೇನ್ರಿ?” ಎಂದೆ.

“ಎರಡ ತಿಂಗಳಾ ತಾರಾ. ಮತ್ತ ನಾವಿಬ್ರೂ ಹ್ವಾದ ಮ್ಯಾಲೆ ಇಂವನ್ನ ಯಾರ ನೋಡವ್ರು? ಅದನ್ನೂ ಒಂದಿನಾ ಕೇಳ್ಕೋಬೇಕಲಾ.”

ಹದಿನೆಂಟು ವರ್ಷ ನಮ್ಮಿಬ್ಬರ ನಡುವೆ ಇದ್ದ ಪ್ರಶ್ನೆ ಅದು. ಅವರು ಒಮ್ಮೆಯೂ ಆಡಿರಲಿಲ್ಲ, ನಾನು ಆಡಗೊಟ್ಟಿರಲಿಲ್ಲ. ಪಾರಿಸನ ಅರಿವೆ ಮಡಿಸಿ ಚೀಲಕ್ಕೆ ತುಂಬಿದೆ.

ರುಕ್ಮವ್ವನ ಮನೆ ಅಂದರೆ ದನದ ಕೊಟ್ಟಿಗೆ. ಅದರ ಕಥೆಯನ್ನು ಕಬ್ಬೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಕೆಯ ತಮ್ಮ ಸತ್ತೆಪ್ಪ ನಮ್ಮ ಪಾರಿಸನಂಥವನೇ, ಮೇಲಾಗಿ ಅವನ ಕೈ ಸೊಟ್ಟ, ಏನನ್ನೂ ಹಿಡಿಯಲಾರದು. ತಂದೆ ಸತ್ತ ಮೇಲೆ ಅಣ್ಣಂದಿರು ಪಾಲಿಗೆ ಕುಳಿತರು. ಹೊಲ ಆಯಿತು, ಎತ್ತು ಆಯಿತು, ಬಾವಿಯ ನೀರಿನ ಸರದಿ ಆಯಿತು, ಹಿತ್ತಾಳೆ ಹಂಡೆಗೂ ಜಗಳವಾಯಿತು. ಸತ್ತೆಪ್ಪ ಯಾರ ಪಾಲಿಗೆ ಎಂದು ಹಿರಿಯರು ಕೇಳಿದಾಗ ಎಲ್ಲರಿಗೂ ಕೆಮ್ಮು ಬಂತಂತೆ. ರಾಯಬಾಗದ ಕಡೆ ಕೊಟ್ಟ ಮನೆಯಿಂದ ವಿಧವೆಯಾಗಿ ತಿರುಗಿ ಬಂದಿದ್ದ ರುಕ್ಮವ್ವ ಬಾಗಿಲಲ್ಲಿ ನಿಂತಿದ್ದಳು. “ಅಂವಾ ನನ್ನ ಪಾಲಿಗೆ ಇರ್ಲಿ. ನಮ್ಮಿಬ್ಬರಿಗೆ ಕೊಟಿಗಿ ಬರದ ಕೊಡ್ರಿ” ಎಂದಳಂತೆ. ಅಣ್ಣಂದಿರು ಆ ಗಳಿಗೆಯಲ್ಲೇ ಹೆಬ್ಬೆಟ್ಟು ಒತ್ತಿದರು.

ಕೊಟ್ಟಿಗೆಗೆ ಸುಣ್ಣ ಹೊಡೆದು, ದನಕ್ಕೆ ಮೇವು ಹಾಕುವ ಗ್ವಾದಲಿ ಕಿತ್ತು, ನೆಲಕ್ಕೆ ಫರ್ಶಿ ಕಲ್ಲು ಹಾಸಿ ಇಬ್ಬರೂ ಇದ್ದರು. ಕಬ್ಬು ಕಡಿಯಲು ಹೋಗುವ ಯಡೂರಿನ ಒಂದು ಕುಟುಂಬ ತಮ್ಮ ಮಗಳನ್ನು ಸುಗ್ಗಿ ಮುಗಿಯುವ ತನಕ ಬಿಟ್ಟು ಹೋಯಿತು. ಆಮೇಲೆ ಅಥಣಿಯಿಂದ ಒಬ್ಬ ಬಂದ, ಇನ್ನೊಬ್ಬರು ಬಂದರು. ನಾವು ಹೋಗುವ ಹೊತ್ತಿಗೆ ಏಳು ಮಂದಿ ಇದ್ದರು. ಆಕೆಯ ಕಾಯಿದೆಗಳು ಎರಡು. ಮನೆಯವರು ಪ್ರತಿ ಅಮವಾಸ್ಯೆಗೆ ಬಂದು ಮುಖ ತೋರಿಸಬೇಕು. ಬರದಿದ್ದರೆ ಅವರ ಊರಿಗೇ ಹೋಗಿ, ಓಣಿಯಲ್ಲಿ ನಿಂತು ಮಾನ ತೆಗೆಯುತ್ತಿದ್ದಳು. ಇನ್ನೊಂದು, ಅಲ್ಲಿದ್ದ ಪ್ರತಿಯೊಬ್ಬರಿಗೂ ಒಂದು ಕೆಲಸ, ಅವರು ಮಾಡದಿದ್ದರೆ ಮನೆಯ ಕೆಲಸವೇ ನಿಂತುಹೋಗುವಂಥದ್ದು. ಯಡೂರಿನ ಹುಡುಗಿ ಕಂದೀಲಿನ ಗಾಜು ಒರೆಸದಿದ್ದರೆ ಅಂದು ಮನೆಯಲ್ಲಿ ಕತ್ತಲೆಯೇ. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

“ನನ್ನ ಮಗಗ ಏನ್ ಕೆಲಸಾ ಹಚ್ಚಾಕಿ ನೀ?” ಎಂದು ಕೇಳಿದೆ, ದನಿಯಲ್ಲೇ ಚುಚ್ಚಿ.

“ಹುಡುಕಬೇಕ್ರಿ ಅಕ್ಕಾರ. ಲಗೂನ ಸಿಗೂದಿಲ್ಲ ಅದು.” ಆಮೇಲೆ ಮೂರು ಪ್ರಶ್ನೆ ಕೇಳಿದಳು. ಇವನು ಯಾತಕ್ಕೆ ಹೆದರುತ್ತಾನೆ? ಗುಡುಗಿಗೆ ಎಂದೆ. ಯಾವುದನ್ನು ಮುಟ್ಟಿದರೆ ಸಿಟ್ಟಾಗುತ್ತಾನೆ? ಅವನು ಉಣ್ಣುವ ಗಂಗಾಳ ಎಂದೆ. ಉಣಿಸುವಾಗ ಏನು ಹೇಳುತ್ತೀರಿ?

ಅದನ್ನು ನಾನು ಹೇಳಲಿಲ್ಲ. “ಏನೂ ಹೇಳೂದಿಲ್ಲ” ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು, ನಾನು ಗೋಡೆ ನೋಡಿದೆ. ಮಗನನ್ನು ಬಿಡುತ್ತೇನೆ, ಆ ಮಾತನ್ನು ಯಾಕೆ ಬಿಡಲಿ? ಹೊತ್ತು ಮುಳುಗುವುದರೊಳಗೆ ಉಣಿಸಬೇಕು, ಬೆಳ್ಳುಳ್ಳಿ ಉಳ್ಳಾಗಡ್ಡಿ ಕೂಡದು ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಎರಡು ತಿಂಗಳ ಮೇಲೆ ಕರೆದುಕೊಂಡು ಬರಲು ಹೋದಾಗ ಪಾರಿಸ ತನ್ನ ಕೈಯಿಂದಲೇ ಉಣ್ಣುತ್ತಿದ್ದ. ಅರ್ಧ ಚೆಲ್ಲುತ್ತಿದ್ದ, ಅರ್ಧ ಬಾಯಿಗೆ ಹೋಗುತ್ತಿತ್ತು. ಉಂಡು ಎದ್ದು ಗಂಗಾಳ ತೊಳೆದು ಗೋಡೆಗೆ ಆನಿಸಿಟ್ಟ. ರಾವಸಾಹೇಬರು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ನನಗೆ ಮೈಯೆಲ್ಲ ಬೆಂಕಿ ಹತ್ತಿತು. ಬೇರೆ ತಾಯಿಯಾಗಿದ್ದರೆ ಆಕೆಯ ಕಾಲಿಗೆ ಬೀಳುತ್ತಿದ್ದಳು, ಗೊತ್ತು. ನಾನು ಹದಿನೆಂಟು ವರ್ಷದಲ್ಲಿ ಕಲಿಸದೇ ಇದ್ದದ್ದನ್ನು ಆ ಉಬ್ಬುಹಲ್ಲಿನವಳು ಎರಡು ತಿಂಗಳಲ್ಲಿ ಕಲಿಸಿ ನನ್ನ ಮುಂದೆ ಇಟ್ಟಿದ್ದಳು.

ಮನೆಗೆ ಕರೆತಂದು ಕಟ್ಟೆಯ ಮೇಲೆ ಕೂರಿಸಿ ತುತ್ತು ಎತ್ತಿದೆ. ಅವನು ಬಾಯಿ ತೆರೆಯಲಿಲ್ಲ. ನನ್ನ ಕೈಯೊಳಗಿನ ತುತ್ತನ್ನು ತನ್ನ ಕೈಗೆ ತೆಗೆದುಕೊಂಡು ತಾನೇ ತಿಂದ. ಅಜ್ಜಂದು, ಆಯೀದು ಎಂದರೂ ಅಷ್ಟೇ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಮನೆಯಲ್ಲಿ ಅವನೇ ಇಲ್ಲ. ಹುಡುಕಿದರೆ ಬಸ್ ಸ್ಟ್ಯಾಂಡಿನಲ್ಲಿ ಗಂಗಾಳವನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ರಾವಸಾಹೇಬರು ನನ್ನನ್ನು ಒಂದು ಮಾತೂ ಕೇಳದೆ ಅವನ ಜೊತೆ ಕಬ್ಬೂರಿನ ಬಸ್ಸು ಹತ್ತಿದರು.

ಅಂದಿನಿಂದ ನನಗೆ ಒಂದೇ ಧ್ಯಾಸ. ರುಕ್ಮವ್ವನ ತಪ್ಪು ಹಿಡಿಯಬೇಕು. ಅಮವಾಸ್ಯೆಗೆ ಹೋದಾಗಲೆಲ್ಲ ಅವನ ಉಗುರು ನೋಡುತ್ತಿದ್ದೆ, ತಲೆ ಬಿಡಿಸಿ ಹೇನು ಹುಡುಕುತ್ತಿದ್ದೆ, ಅಂಗಿ ಮೂಸುತ್ತಿದ್ದೆ. ಅವನಿಗಾಗಿ ರುಕ್ಮವ್ವ ಬೆಳ್ಳುಳ್ಳಿ ಇಲ್ಲದ ಬೇಳೆಯನ್ನು ಬೇರೆ ಗಡಿಗೆಯಲ್ಲಿ ಬೇಯಿಸುತ್ತಿದ್ದಳು. ಅದೂ ನನಗೆ ಸೇರಲಿಲ್ಲ. ಕೊನೆಗೆ ಹೊಳೆಯಿತು. ನಾವು ಬರುವುದು ಹಗಲಿನಲ್ಲಿ, ಆಕೆಯ ಮಂದಿ ಉಣ್ಣುವುದು ದೀಪ ಹಚ್ಚಿದ ಮೇಲೆ. ಏಳು ಜನರ ಗದ್ದಲದಲ್ಲಿ ಇವನೊಬ್ಬನಿಗೆ ದಿನಾಲು ಹೊತ್ತಿಗೆ ಮುಂಚೆ ಬಡಿಸುತ್ತಾಳೆಯೇ? ಸಾಧ್ಯವೇ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಮನೆಯಲ್ಲಿ ಹೇಳದೆ ಹೊರಟೆ. ಅಂದು ಹುಡುಕಿ ಹುಡುಕಿ ತಡವಾದ ಬಸ್ಸನ್ನೇ ಹಿಡಿದೆ. ಪಾರಿಸನ ಅರಿವೆ ತುಂಬಿಕೊಂಡು ಬರಲು ಒಂದು ಖಾಲಿ ಚೀಲವೂ ಇತ್ತು. ಕಬ್ಬೂರಿನಲ್ಲಿ ಇಳಿದಾಗ ಸೂರ್ಯ ಪೂರ್ತಿ ಮುಳುಗಿದ್ದ. ಸದ್ದು ಮಾಡದೆ ಹೋಗಿ ಬಾಗಿಲಲ್ಲಿ ನಿಂತೆ. ಕಂದೀಲು ಉರಿಯುತ್ತಿತ್ತು. ಎಲ್ಲರೂ ಸಾಲಾಗಿ ಉಣ್ಣಲು ಕುಳಿತಿದ್ದರು. ನಡುವೆ ನನ್ನ ಮಗ. ಅವನ ಮುಂದೆ ಗಂಗಾಳ, ಹಾಲಿನಲ್ಲಿ ರೊಟ್ಟಿ ಕಲಸುತ್ತಿದ್ದ.

ಆಗ ನನಗಾದ ಸಂತೋಷವನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಧರ್ಮ ಕೆಟ್ಟಿತು ಎಂಬ ದುಃಖ ಒಂದಿಷ್ಟೂ ಇರಲಿಲ್ಲ. ಸಿಕ್ಕಿಬಿದ್ದಳು, ಅಷ್ಟೇ. ಒಳಗೆ ನುಗ್ಗಿ ಅವನ ರಟ್ಟೆ ಹಿಡಿದೆ.

“ಹೊತ್ತ ಮುಳುಗಿದ ಮ್ಯಾಲೆ ನನ್ನ ಮಗನ್ನ ಉಣ್ಣಾಕ ಕುಂಡ್ರಸೀಯೇನ್ ಬೇ? ಇದನ್ನ ನೋಡಾಕಂತನ ಬಂದೀನಿ ನಾ. ಏಳಲೇ ಪಾರಿಸ, ನಡಿ ಮನಿಗೆ.”

ಒಲೆಯ ಮುಂದಿದ್ದ ರುಕ್ಮವ್ವ ಎದ್ದು ಬರಲೂ ಇಲ್ಲ. “ಅಕ್ಕಾರ, ಅಂವನ ಕೈ ಬಿಡ್ರಿ. ಮೊದಲ ನೋಡ್ರಿ, ಆಮ್ಯಾಲೆ ಬೈರಿ” ಎಂದಳು.

ಬಿಟ್ಟೆ. ಪಾರಿಸ ನನ್ನ ಕಡೆ ನೋಡಲಿಲ್ಲ, ಕೆಲಸದಲ್ಲಿದ್ದ. ತುತ್ತು ಕಟ್ಟಿ ಎತ್ತಿದ. ಅದು ಅವನ ಬಾಯಿಗೆ ಹೋಗಲಿಲ್ಲ, ಪಕ್ಕದಲ್ಲಿ ಕುಳಿತಿದ್ದ ತಲೆ ನರೆತ ಸತ್ತೆಪ್ಪನ ಬಾಯಿಗೆ ಹೋಯಿತು.

“ಅಜ್ಜಂದು” ಎಂದ ನನ್ನ ಮಗ. ಎರಡನೆಯ ತುತ್ತು ಎತ್ತಿ, “ಆಯೀದು.” ಮೂರನೆಯದನ್ನು ಸ್ವಲ್ಪ ತಡೆದು ಹಿಡಿದು, ಥೇಟು ನಾನು ಹಿಡಿಯುತ್ತಿದ್ದ ಹಾಗೆಯೇ ಹಿಡಿದು, “ಸತ್ತೆಪ್ಪಂದು.” ಸತ್ತೆಪ್ಪ ನಕ್ಕ, ಹಾಲು ಗದ್ದದ ಮೇಲೆ ಇಳಿಯಿತು.

ನಾನು ಅಲ್ಲೇ ಕಂಬಕ್ಕೆ ಒರಗಿ ಕುಳಿತೆ. “ಇದನ್ನ ನಿನಗ ಯಾರ ಹೇಳಿದ್ರು?”

“ನಾ ಕೇಳಿದ್ರ ನೀವು ಹೇಳಲಿಲ್ಲ” ಎಂದಳು ರುಕ್ಮವ್ವ. “ಅಂವಾ ತಾನ ತಂದಾನ. ತನ್ನ ಊಟಾ ಐದಕ್ಕ ಮುಗಿಸಿ ಗಂಗಾಳ ತೊಳದ ಇಟ್ಟಾನ, ಅಲ್ಲಿ ನೋಡ್ರಿ. ಇದು ಸತ್ತೆಪ್ಪಂದು.” ಗೋಡೆಯ ಹತ್ತಿರ ಪಾರಿಸನ ಗಂಗಾಳ ಒಣಗಿ ನಿಂತಿತ್ತು. ಅವನಿಗೆ ಕೆಲಸ ಸಿಕ್ಕಿತ್ತು.

ರುಕ್ಮವ್ವ ಒಲೆಯ ಕಡೆ ಮುಖ ತಿರುಗಿಸಿಕೊಂಡಳು. “ಮೂವತ್ತ ವರ್ಷಾ ಸತ್ತೆಪ್ಪಗ ನಾ ಉಣಸೀನ್ರಿ ಅಕ್ಕಾರ. ಈಗ ನನ್ನ ಕೈ ಕಂಡ್ರ ಬಾಯಿ ಮುಚ್ಚತಾನ. ನಿಮ್ಮ ಮಗಾನ ಬೇಕಂತ. ನನಗೂ ಹೊಟ್ಟಿ ಉರೀತೈತಿ. ಯಾರ ಮುಂದ ಹೇಳ್ಲಿ?”

ಸುಳ್ಳು ಹೇಳುವುದಿಲ್ಲ, ಅದನ್ನು ಕೇಳಿ ನನಗೆ ತಂಪಾಯಿತು. ಆಕೆಯ ಪಕ್ಕಕ್ಕೆ ಹೋಗಿ ಕುಳಿತೆ. ಇಬ್ಬರೂ ಸಾಲಿನ ಕಡೆ ನೋಡಿದೆವು. ನಾವು ಹೋದ ಮೇಲೆ ಪಾರಿಸನನ್ನು ಯಾರು ನೋಡುತ್ತಾರೆ ಎಂದು ರಾವಸಾಹೇಬರು ಕೇಳಿದ್ದರು. ಪಾರಿಸನನ್ನು ನಾನು ಕರೆದುಕೊಂಡು ಹೋದರೆ ಸತ್ತೆಪ್ಪನಿಗೆ ಯಾರು ಉಣಿಸುತ್ತಾರೆ ಎಂಬುದು ಆ ಕ್ಷಣದವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಖಾಲಿ ಚೀಲವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆಮೇಲೆ ನನಗೆ ಆಸೆ ಹುಟ್ಟಿತು. ಬೆಳಗಿನಿಂದ ಉಂಡಿರಲಿಲ್ಲ, ಆದರೆ ಅದು ಹಸಿವಿನ ಆಸೆಯಲ್ಲ. ಮಗನ ಹತ್ತಿರ ಸರಿದು, “ಪಾರಿಸ, ನನಗೊಂದ ತುತ್ತ ಹಾಕೋ” ಎಂದು ಬಾಯಿ ತೆರೆದೆ. ಮದುವೆಯಾದಾಗಿನಿಂದ ಹೊತ್ತು ಮುಳುಗಿದ ಮೇಲೆ ಏನನ್ನೂ ಮುಟ್ಟದ ಬಾಯಿ. ವ್ರತ ಮುರಿದರೆ ಮುರಿಯಲಿ ಎಂದುಕೊಂಡೆ.

ಅವನು ನನ್ನನ್ನು ನೋಡಿದ, ಬಾಗಿಲಾಚೆಯ ಕತ್ತಲೆಯನ್ನು ನೋಡಿದ. ತಲೆ ಅಲ್ಲಾಡಿಸಿದ. ಕತ್ತಲಾದ ಮೇಲೆ ತಿನ್ನಲು ಕೇಳಿದರೆ ನಾನು ಅವನಿಗೆ ಮಾಡುತ್ತಿದ್ದ ಹಾಗೆ ಬೆರಳಿನಿಂದ ನನ್ನ ತುಟಿ ಮುಚ್ಚಿದ. “ನಾಳಿ” ಎಂದ.

ರುಕ್ಮವ್ವ ಅಂಗೈ ಬಾಯಿಗಿಟ್ಟುಕೊಂಡು ನಕ್ಕಳು. ನನಗೂ ನಗು ಬಂತು, ಅಳುವೂ ಬಂತು. ಅಂದು ಅಲ್ಲೇ, ಆ ಕೊಟ್ಟಿಗೆಯ ಫರ್ಶಿಯ ಮೇಲೆ ಮಲಗಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ಹೋಗಿ ಕುಳಿತವಳು ನಾನು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಪಾರಿಸ ಸತ್ತೆಪ್ಪನ ಮುಂದೆ ಕುಳಿತು ಶುರು ಮಾಡಿದ. ಅಜ್ಜಂದು, ಆಯೀದು, ಸತ್ತೆಪ್ಪಂದು. ಮತ್ತೆ ಅಜ್ಜಂದು. ನಾನು ಕಾದೆ. ಗಂಗಾಳದ ತಳ ಕಂಡ ಮೇಲೆ ಉಳಿದದ್ದನ್ನು ಬಳಿದು ಒಂದು ತುತ್ತು ಕಟ್ಟಿ ನನ್ನ ಕಡೆ ತಿರುಗಿದ.

“ಅವ್ವಂದು” ಎಂದ.

ಎಂಟೂವರೆಯ ಬಸ್ಸನ್ನು ಒಬ್ಬಳೇ ಹತ್ತಿದೆ. ಕರೋಶಿ ಬರುವ ತನಕ ಎಣಿಸಿ ನೋಡಿದೆ, ಮತ್ತೆ ಮತ್ತೆ ಎಣಿಸಿದೆ. ಸತ್ತೆಪ್ಪನಿಗೆ ಹನ್ನೆರಡು ತುತ್ತು ಹಾಕಿದ್ದ, ನನಗೆ ಒಂದೇ.