ಹೋದ ಬೆಳಕು ಮರಳದ ಹಾದಿ

ಕ್ಷಮೆ ಕೇಳಿ ಮೂರು ದಿನವಾಗಿತ್ತು. ಅಣ್ಣನಿಂದ ಉತ್ತರವಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತೇವೆ. ನಾನೂ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದು ಬರೆದಿದ್ದೆ. (ಮನಸ್ಸಿನಲ್ಲಿದ್ದವನು ಕಾಗವಾಡದ ಅಣ್ಣನೊಬ್ಬನೇ.) ಎರಡು ತಿಂಗಳ ಹಿಂದೆ, ಅವನು ದಿನಾ ಗ್ರೂಪಿಗೆ ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿ ಚಿತ್ರಗಳ ಬಗ್ಗೆ ಕೊಂಕು ನುಡಿದಿದ್ದೆ. ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟೆವು. ಗುಲಾಬಿಯೂ ನಿಂತಿತು. ಆಮೇಲೆ ಬೆಳಗು ಬೆಳಗಿನಂತಿರಲಿಲ್ಲ.

ಆ ಸಂಜೆ ಅವನ ಮಗಳು ತ್ರಿಶಲಾ ಅಥಣಿಯ ನಮ್ಮ ಮನೆಗೆ ಬಂದಳು. ಬೆಳಕು ಹರಿಯುವ ಸಿಲಿಕಾನ್ ಚಿಪ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ನಮ್ಮದು. ಹಿತ್ತಲ ಬಳ್ಳಿಯಿಂದ ಸೋಸಿದ ಬಿಸಿಲು ತಟ್ಟೆಯ ಮೇಲೆ ಬಿದ್ದಿತ್ತು.

"ಏನ್ ಮಾಡ್ತೀಯವಾ ಅಲ್ಲಿ?" ಎಂದೆ.

"ಬೆಳಕಿಗೆ ಒಂದ್ ಬಾಗಲಾ ಮಾಡಾಕತ್ತೇನ್ರಿ ಕಾಕಾ. ಹೋಗಾಕ ಬಿಡತೈತಿ, ತಿರುಗಿ ಬರಾಕ ಬಿಡಂಗಿಲ್ಲ. ನಮ್ಮ ತೋಟದ ಪಂಪಿನ ವಾಲ್ವ್ ಇದ್ದಂಗ."

ಬೆಳಕು ಹೊಮ್ಮಿಸುವ ಲೇಸರ್‌ಗೆ ಅದರದೇ ಬೆಳಕು ಮರಳಿ ಬಡಿದರೆ ಅದು ಕಂಗೆಡುತ್ತದಂತೆ. ಮರಳುವ ಬೆಳಕನ್ನು ಬರೀ ಸಿಲಿಕಾನ್ ತಡೆಯಲಾರದು. ಮೇಲೆ ಗಾರ್ನೆಟ್ ಎಂಬ ಹರಳಿನ ತೆಳು ಪದರ ಅಂಟಿಸಿ, ಅಯಸ್ಕಾಂತ ಹಿಡಿಯಬೇಕು. ಆಗ ಅದೇ ಹಾದಿ ಹೋಗುವ ಬೆಳಕಿಗೆ ಒಂದು ತರಹ, ಬರುವ ಬೆಳಕಿಗೆ ಇನ್ನೊಂದು ತರಹ. ಮರಳಿ ಬಂದದ್ದು ಪಕ್ಕಕ್ಕೆ ಸರಿದುಹೋಗುತ್ತದೆ.

ಕೂದಲಿಗಿಂತ ಸಣ್ಣ ಓಣಿಯಲ್ಲಿ ಬೆಳಕು ನಡೆದುಹೋಗುವುದನ್ನು ಕಣ್ಣು ಮುಚ್ಚಿ ಕಂಡೆ. ಮನೆಗೆ ಮರಳಬೇಕೆನಿಸಿದರೂ ಮರಳಲಾಗದ ಬೆಳಕು. ಎಷ್ಟು ಚಂದ, ಎಷ್ಟು ಸಂಕಟ. ರೊಟ್ಟಿ ಕೈಯಲ್ಲೇ ಉಳಿಯಿತು.

"ನಿಮ್ಮಪ್ಪನೂ ಅಂಥಾದ್ದ ಬಾಗಲಾ ಹಚ್ಚಿಕೊಂಡಾನ ನೋಡವಾ. ನಾ ಕ್ಷಮಾ ಕೇಳೀನಿ, ಒಂದ್ ಅಕ್ಷರ ವಾಪಸ್ ಬಂದಿಲ್ಲ."

ತ್ರಿಶಲಾ ನನ್ನ ಫೋನ್ ತೆಗೆದು ನೋಡಿದಳು.

"ಬಾಗಲಾ ಹಚ್ಚಿದವರು ನೀವ ರೀ ಕಾಕಾ. ಗ್ರೂಪಿನ್ಯಾಗ ನೀವೊಬ್ಬರ ಬರಿಯೂವಂಗ ಸೆಟ್ಟಿಂಗ್ ಮಾಡೀರಿ. ಅಪ್ಪಾ ದಿನಾ ತಗದು ನೋಡ್ತಾರ, ಬರಿಯಾಕ ಜಾಗಾನ ಇಲ್ಲ. ಎಲ್ಲಾರ ಮುಂದ ಕೇಳಿದ್ದಕ್ಕ ಎಲ್ಲಾರ ಮುಂದನ ಉತ್ತರಾ ಕೊಡ್ತೀನಿ ಅಂತ ಹಟಾ ಹಿಡದು ಕುಂತಾರ."

ಜಗಳದ ದಿನ, ಅಡ್ಮಿನ್ ಆದ ನಾನೇ ಸಿಟ್ಟಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ. (ಇಡೀ ಮನೆತನ ಸುಮ್ಮನಿರುವುದನ್ನು ನನ್ನ ಮೇಲಿನ ಗೌರವ ಎಂದುಕೊಂಡಿದ್ದೆ, ನೋಡಿ ನನ್ನ ಜಾಣತನ.) ನಾಚಿಕೆಯಿಂದ ತಲೆ ತಗ್ಗಿಸಿದೆ. ತ್ರಿಶಲಾ ಸೆಟ್ಟಿಂಗ್ ಬದಲಿಸಿ ಫೋನ್ ಕೆಳಗಿಟ್ಟಳು.

ಬಿಸಿಲು ತಟ್ಟೆಯಿಂದ ಗೋಡೆಗೇರುವಷ್ಟರಲ್ಲಿ ಫೋನ್ ಸದ್ದು ಮಾಡಿತು. ಅಣ್ಣನದು. ಬೇರೆ ಮಾತಿಲ್ಲ. ಒಂದು ಗುಲಾಬಿ, ಕೆಳಗೆ 'ಗುಡ್ ಮಾರ್ನಿಂಗ್'.

ಹೊತ್ತು ಮುಳುಗುವಾಗ ಬಂದ ಬೆಳಗಿಗೆ ಏನಂತ ಉತ್ತರ ಬರೆಯಲಿ, ನೀವೇ ಹೇಳಿ?