ನನ್ನ ಹಳೇ ಮಷೀನಿಗೆ ಸಿಕ್ಕ ಉಂಗುರ

ಆಗ ದುಬೈನಲ್ಲಿ ವಾರದ ರಜೆ ಶುಕ್ರವಾರ. ಆ ಬೆಳಿಗ್ಗೆ ಅಲ್ ಕುಸೈಸ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಎಲ್ಲರೂ ಮುಸುಕೆಳೆದು ಮಲಗಿರುವಾಗ ನಾನು ಶೂ ಕಟ್ಟಿಕೊಂಡು ಜುಮೇರಾ ಬೀಚಿಗೆ ಹೊರಡುತ್ತಿದ್ದೆ. ಕೈಯಲ್ಲಿ ಮೆಟಲ್ ಡಿಟೆಕ್ಟರ್. ದೇಶಕ್ಕೆ ವಾಪಸ್ ಹೊರಟ ಇಂಗ್ಲಿಷ್ ಸಾಹೇಬರೊಬ್ಬರು ಅದನ್ನು ನಮ್ಮ ಯಜಮಾನರಿಗೆ ಕೊಟ್ಟು ಹೋಗಿದ್ದರು. ಇವರು ಬಾಲ್ಕನಿಯಲ್ಲಿ ನಿಲ್ಲಿಸಿ ಮರೆತೇಬಿಟ್ಟರು. ನಾನು ಬಿಡಲಿಲ್ಲ.

ಬೀಚಿನಲ್ಲಿ ನನ್ನಂಥ ಹುಚ್ಚರದೇ ಒಂದು ಗುಂಪಿತ್ತು. ಒಬ್ಬ ಬ್ರಿಟಿಷ್ ಮುದುಕ, ಫಿಲಿಪೈನ್ಸ್‌ನ ಗಂಡ ಹೆಂಡತಿ, ಕೇರಳದ ಒಬ್ಬ ಮೆಕ್ಯಾನಿಕ್. ಗುರುವಾರ ಸಂಜೆ ಜನ ಉದುರಿಸಿ ಹೋದ ಚಿಲ್ಲರೆ, ಕೀ, ವಾಚು, ಅದೇ ನಮ್ಮ ಬೇಟೆ. ಹುಡುಕಾಟ ಮುಗಿದ ಮೇಲೆ ಎಲ್ಲರೂ ಒಂದೇ ಟವೆಲ್ ಮೇಲೆ ಚೀಲ ಸುರಿಯಬೇಕು, ಕಸವನ್ನೂ ಸೇರಿಸಿ. ನನ್ನ ರಾಶಿಯಲ್ಲಿ ಕಸ ಇರುತ್ತಿರಲಿಲ್ಲ. ಯಾಕೆಂದರೆ ನಾನು ಹೊಸ ಮಷೀನು ಕೊಂಡಿದ್ದೆ. ಅದರ ನಾಬ್ ಒಂದು ಮಟ್ಟಕ್ಕೆ ತಿರುಗಿಸಿಟ್ಟರೆ ಕೂಲ್‌ಡ್ರಿಂಕ್ ಡಬ್ಬಿಯ ಬಾಯಿ ತೆರೆಯಲು ಎಳೆಯುವ ಕಿವಿಗಳಿಗೆ ಅದು ಕೂಗುತ್ತಿರಲಿಲ್ಲ. ಆ ಕಿವಿಗಳು ಮರಳಿನಲ್ಲಿ ಹೆಜ್ಜೆಗೊಂದು. ಮುದುಕ ನನ್ನ ರಾಶಿ ನೋಡಿ ತಲೆದೂಗಿದಾಗ ನಾನು ಪೂರಿಯಂತೆ ಉಬ್ಬುತ್ತಿದ್ದೆ.

ಅಷ್ಟರಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ದುಬೈಗೆ ಬಂದಳು. ಬಂದಿದ್ದೂ ನಮ್ಮ ಬಿಲ್ಡಿಂಗಿಗೇ, ಕೆಳಗಿನ ಮಹಡಿಗೆ. ನಾನು ಮಾಡಿದ ಹೋಳಿಗೆ ಹರಿಯುತ್ತಿತ್ತು, ಅವಳದು ಹರಿಯುತ್ತಿರಲಿಲ್ಲ. ನಾನು ಮಾತಾಡಿದರೆ ಜಗಳ ಅನ್ನಿಸುತ್ತಿತ್ತು, ಅವಳು ಮಾತಾಡಿದರೆ ಮುತ್ತು ಉದುರಿದಂತೆ. ಹುಬ್ಬಳ್ಳಿಯಿಂದ ವಿಸಿಟ್ ವೀಸಾದಲ್ಲಿ ಬಂದ ಅತ್ತೆ, ಹಿರೇಸೊಸೆ ನಾನಿದ್ದೂ, ಅವಳ ಮನೆಯಲ್ಲೇ ತಳವೂರಿದರು. ನನಗೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಅತ್ತೆಯ ಬೆರಳಿನಲ್ಲಿ ಅವರ ಅತ್ತೆ ಕೊಟ್ಟ ತೆಳ್ಳನೆಯ ಚಿನ್ನದ ಉಂಗುರವಿತ್ತು. ಊರಿಗೆ ಹೋಗುವ ಮೊದಲು ನಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡುತ್ತೇನೆ ಅಂದಿದ್ದರು. ಯಾರಿಗೆ ಅಂತ ಹೇಳಿರಲಿಲ್ಲ. ಚಿನ್ನದ ಪೇಟೆ ಗೋಲ್ಡ್ ಸೂಕ್‌ಗೆ ಹೋದರೆ ಅದಕ್ಕಿಂತ ದಪ್ಪದ್ದು ಬೇಕಾದಷ್ಟು ಸಿಗುತ್ತಿತ್ತು. ನನಗೆ ಅದೇ ಬೇಕಿತ್ತು. ಆ ಉಂಗುರ ಅವಳ ಕೈಗೆ ಹೋಗುವುದನ್ನು ನೆನೆದರೇ ಊಟ ಸೇರುತ್ತಿರಲಿಲ್ಲ.

ಇಷ್ಟು ಸಾಲದು ಅಂತ ಅವಳು ಬೀಚಿಗೂ ಗಂಟುಬಿದ್ದಳು. ಯಜಮಾನರ ಮಾತಿಗೆ ಕಟ್ಟುಬಿದ್ದು ನನ್ನ ಹಳೇ ಮಷೀನು ಕೊಟ್ಟೆ. ಅದರ ನಾಬ್ ಕೆಟ್ಟು ಎಲ್ಲದಕ್ಕೂ ಒದರುತ್ತಿತ್ತು. ಒದರಿದಲ್ಲೆಲ್ಲ ಅವಳು ಅಗೆಯುವಳು. ಟವೆಲ್ ಮೇಲೆ ಅವಳ ಚೀಲ ಸುರಿದರೆ ಬರೀ ಡಬ್ಬಿ ಕಿವಿ, ಮುಚ್ಚಳ, ಮೊಳೆ. ಗುಂಪಿನವರು ನಗುವರು, ಅವಳೂ ನಗುವಳು. ಕಸ ತಂದೂ ನನ್ನ ಗೆಳೆಯರನ್ನು ಬುಟ್ಟಿಗೆ ಹಾಕಿಕೊಂಡಳಲ್ಲ!

ಒಂದು ಶುಕ್ರವಾರ ಅತ್ತೆಯೂ ನಮ್ಮ ಜೊತೆ ಬಂದರು. ಸೀರೆ ಎತ್ತಿ ಹಿಡಿದು ನೀರಿಗಿಳಿದರು. ಮೇಲೆ ಬಂದು ಮರಳಲ್ಲಿ ಒಂದಿಷ್ಟು ಅಡ್ಡಾಡಿದವರು ಇದ್ದಕ್ಕಿದ್ದಂತೆ "ಅಯ್ಯ ಶಿವನ!" ಅಂತ ಕೂಗಿದರು. ಬೆರಳು ಬೋಳು.

ಎಲ್ಲರ ಮುಖ ಬಾಡಿತು. ನನಗೆ ಮಾತ್ರ ಒಳಗೊಳಗೇ ಖುಷಿ. ಈಗ ಬಂತು ನೋಡು ನನ್ನ ಪಾಳಿ! ನಾನೇ ಹುಡುಕಿ ಕೊಟ್ಟರೆ ಉಂಗುರ ಇನ್ಯಾರಿಗೆ ಹೋಗುತ್ತದೆ? ಎಲ್ಲರೂ ಸಾಲಾಗಿ ನಿಂತೆವು. ಅತ್ತೆ ಓಡಾಡಿದ ಜಾಗ ನಾನೇ ವಹಿಸಿಕೊಂಡೆ. ಹೆಜ್ಜೆಗೆ ಹೆಜ್ಜೆ ತಾಗಿಸಿ ಹೋದೆ, ಬಂದೆ. ಮಷೀನು ಕಮಕ್ ಕಿಮಕ್ ಅನ್ನಲಿಲ್ಲ. "ಇಲ್ಲಿ ಮಾಫಿ, ಏನೂ ಇಲ್ಲ, ಮುಂದೆ ನೋಡೋಣ" ಅಂದೆ.

ಹಿಂದಿನಿಂದ ಅವಳ ದನಿ: "ಅಕ್ಕಾರ, ಇಲ್ಲಿ ಒದರಾಕತ್ತೈತ್ರಿ."

ನೋಡಿದರೆ ನನ್ನ ಹೆಜ್ಜೆಗಳ ಮೇಲೆಯೇ ನಿಂತಿದ್ದಾಳೆ. "ಡಬ್ಬಿ ಕಿವಿ ಇರಬೇಕು. ಬಿಡು," ಅಂದೆ.

"ಇದ್ರ ಇರಲ್ರಿ, ತಗದs ಬಿಡತೀನಿ," ಅಂತ ಕೂತು ಅಗೆದಳು. ಬೊಗಸೆ ಮರಳಲ್ಲಿ ಉಂಗುರ ಬಂತು.

ಮುದುಕ ನನ್ನ ಮಷೀನು ಕೈಗೆ ತೆಗೆದುಕೊಂಡು ನಾಬ್ ನೋಡಿದ. ತೆಳ್ಳನೆಯ ಚಿನ್ನವೂ ಡಬ್ಬಿಯ ಕಿವಿಯೂ ಮಷೀನಿಗೆ ಹೆಚ್ಚುಕಡಿಮೆ ಒಂದೇ, ಕಿವಿ ಬೇಡ ಅಂದರೆ ಉಂಗುರವೂ ಬೇಡ ಅಂದಂತೆ, ಅಂದ. ಅಂದರೆ ಉಂಗುರದ ಮೇಲೆಯೇ ಹಾಯ್ದು ಹೋಗಿದ್ದೆ. ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಆ ಮಷೀನನ್ನು ಸಮುದ್ರಕ್ಕೆ ಎಸೆಯುವಷ್ಟು ಸಿಟ್ಟು.

ಅವಳು ಉಂಗುರ ತೊಳೆದು ಅತ್ತೆಯ ಬೆರಳಿಗೆ ಹಾಕಲು ಹೋದಳು. ಅತ್ತೆ ಕೈ ಹಿಂದೆ ಎಳೆದುಕೊಂಡರು. ನನ್ನ ಕಡೆ ತಿರುಗಿ ಅಂದರು, "ಇವತ್ತ ಇದನ್ನ ನಿನಗ ಕೊಡಬೇಕಂತ ಬಂದಿದ್ದೆನವಾ. ಹಿರೇಸೊಸಿ ನೀನು. ನಿನ್ನ ಗೆಳ್ಯಾರ ಮುಂದ ಕೊಟ್ರ ಚಂದ ಅನಿಸ್ತು. ಉಂಗುರ ಬಿಗಿ ಇರಲಿ ಅಂತ ಸುತ್ತಿದ್ದ ದಾರ ಮುಂಜಾನೆನ ಬಿಚ್ಚಿಟ್ಟೆ. ಅದಕ್ಕ ಜಾರಿಬಿಡ್ತು. ಈಗ ಗಂಗಮ್ಮ ಇಕಿ ಕೈಯಾಗ ಕೊಟ್ಟಾಳ. ಹೆಂಗ ಮಾಡ್ಲಿ, ನೀನ ಹೇಳು."

ನನಗೆ! ನನಗೆ ಅಂತಲೇ ತಂದಿದ್ದರಂತೆ!

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು, "ಅಕ್ಕಾರಿಗೆ ಕೊಡ್ರಿ ಅತ್ತಿ. ಮಷೀನು ಅವರದ."

ಅಲ್ಲಿಗೆ ಮುಗಿಯಿತು. ಕಿತ್ತುಕೊಂಡಿದ್ದರೆ ಜಗಳವಾಡಿಯಾದರೂ ಪಡೆಯುತ್ತಿದ್ದೆ. ನನ್ನದನ್ನು ನಾನು ಅವಳ ಕೈಯಿಂದ ದಾನ ತಗೊಳ್ಳಬೇಕಾ?

"ಬ್ಯಾಡ, ಆಕಿಗೇ ಹಾಕ್ರಿ," ಅಂದೆ.

ಯಾರಾದರೂ ಇಲ್ಲ, ನೀನೇ ತಗೋ ಅಂತಾರೆ ಅಂದುಕೊಂಡಿದ್ದೆ. ಯಾರೂ ಅನ್ನಲಿಲ್ಲ. ಅತ್ತೆ ಅವಳ ಕೈ ಹಿಡಿದು ಉಂಗುರ ತೊಡಿಸಿದರು. ದಾರ ಬೇಕಾಗಲಿಲ್ಲ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.